ಛಾವಣಿ ಕೆಲಸದ ದರ ಮತ್ತು ವೇಳೆಯಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಬರುವ ದೀಪಾವಳಿಯಿಂದ ನಮ್ಮ ಎಂಟೂ ಕೆಲಸಗಾರರಿಗೆ ದಿನಗೂಲಿ ನಿಲ್ಲಿಸಿ ವರ್ಷಪೂರ್ತಿ ತಿಂಗಳ ಸಂಬಳ ಕೊಡುತ್ತೇವೆ. ಆ ಹೊರೆಗಾಗಿ ಬೇಸಿಗೆ ಮತ್ತು ಮಳೆಗಾಲದ ಕೆಲಸದ ದರವನ್ನು ನೂರಕ್ಕೆ ಹತ್ತರಷ್ಟು ಏರಿಸಬೇಕಾಗಿದೆ.

ಊರಲ್ಲಿ ಕೆಲಸವೇ ಇಲ್ಲವೆಂದು ನಮ್ಮ ಹುಡುಗರು ಗುಳೆ ಹೋಗುತ್ತಾರೆ ಎಂದು ಹಲವರು ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ಕೆಲಸ ಬೇಕಾದಷ್ಟಿದೆ, ಆದರೆ ಅಷ್ಟೂ ರೋಹಿಣಿ ಮಳೆಗೆ ಮುಂಚಿನ ಐದಾರು ವಾರಗಳಲ್ಲಿ ಬಂದು ಬೀಳುತ್ತದೆ. ಆಮೇಲೆ ಫೋನು ಸುಮ್ಮನಾಗುತ್ತದೆ. ಆ ಖಾಲಿ ತಿಂಗಳುಗಳಲ್ಲೇ ಬೆಂಗಳೂರು, ಪುಣೆ, ಹೈದರಾಬಾದಿನ ಮೇಸ್ತ್ರಿಗಳು ಕರೆಯುತ್ತಾರೆ. ಕಳೆದ ವರ್ಷ ಮೂವರು ಹೋದರು. ಅವರಲ್ಲಿ ಒಬ್ಬ ಮಣ್ಣಿನ ಮಾಳಿಗೆ ಬಲ್ಲವನು. ಜಂತಿಯ ಮೇಲೆ ಕರಲು ಮಣ್ಣು ಹಾಕಿ, ಬಡಿದು, ನೀರು ಹರಿಯಲು ವಾಟ ಕೊಡುವುದನ್ನು ತಂದೆಯಿಂದ ಕಲಿತಿದ್ದ. ಚಿತ್ತಾಪುರ, ಸೇಡಂ ಕಡೆಯ ಹಳೆಯ ಮನೆಗಳಿಗೆ ಅಂಥ ಕೈಯೇ ಬೇಕು. ಮಾಳಿಗೆಗೆ ಸಿಮೆಂಟ್ ಬಳಿದರೆ ಒಳಗೆ ತೇವ ಸಿಕ್ಕಿ ಮರ ಕೊಳೆಯುತ್ತದೆ. ಅವನ ಜಾಗ ಇನ್ನೂ ಖಾಲಿ ಇದೆ, ಆ ನೋವು ನಮಗಿದೆ.

ಇನ್ನೊಂದು ಸಂಗತಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಐದಾರು ವಾರದ ಕೆಲಸ ನೆಚ್ಚಿಕೊಂಡವನಿಗೆ ಅಷ್ಟು ದಿನ ಎಲ್ಲಿಂದ ಬರಬೇಕು?

ಹೀಗಾಗಿ ನಿಮ್ಮಲ್ಲಿ ಒಂದು ವಿನಂತಿ. ತಗಡು ಬದಲಿಸುವುದು, ಆರ್‌ಸಿಸಿ ಬಿರುಕು ಮುಚ್ಚುವುದು, ಕುಂಬಿ (ಛಾವಣಿ ಅಂಚಿನ ಗಿಡ್ಡ ಗೋಡೆ) ದುರಸ್ತಿ ಇವನ್ನು ದೀಪಾವಳಿ ಕಳೆದ ಮೇಲೆ, ಹೋಳಿಯ ಬೆನ್ನಿಗೇ ಬರುವ ಶರಣಬಸವೇಶ್ವರ ಜಾತ್ರೆಯೊಳಗೆ ಮಾಡಿಸಿಕೊಳ್ಳಿ. ಆ ಅವಧಿಗೆ ಹಳೆಯ ದರವೇ ಇರುತ್ತದೆ. ಕೆಲಸಕ್ಕೂ ಅದೇ ಒಳ್ಳೆಯ ಕಾಲ: ಚಳಿಗಾಲದ ಗಿಲಾವು ನಿಧಾನವಾಗಿ ಆರುತ್ತದೆ, ಬಿರುಕು ಬಿಡುವುದು ಕಡಿಮೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಗಿನ 6ರಿಂದ 11ರವರೆಗೆ, ಮತ್ತೆ ಸಂಜೆ 5ರ ನಂತರ ಮಾತ್ರ ಕೆಲಸ. ಬೇಸಿಗೆಯಲ್ಲಿ ನಮ್ಮ ಭಾಗದ ಸರಕಾರಿ ಕಚೇರಿಗಳೇ ಬೆಳಗಿನ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನೆರಳಿನಲ್ಲಿ ಕೂತವರಿಗೇ ಆ ರಿಯಾಯಿತಿ ಬೇಕಾದರೆ, ಕಾದ ತಗಡಿನ ಮೇಲೆ ಮೊಣಕಾಲೂರಿದವನಿಗೆ ಬೇಡವೇ? ಸೋರುವ ಮನೆಗೆ ಮಾತ್ರ ಯಾವ ಹೊತ್ತಿನಲ್ಲಿ ಕರೆದರೂ ಬರುತ್ತೇವೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ದರ ಬದಲಾಗುವುದಿಲ್ಲ. ಕೆಲಸ ಕಲಿಯಲು ಇಬ್ಬರನ್ನು ತೆಗೆದುಕೊಳ್ಳುತ್ತಿದ್ದೇವೆ, ಕಲಿಯುವಾಗಲೂ ಸಂಬಳವಿದೆ. ನಿಮ್ಮ ಓಣಿಯಲ್ಲಿ 18 ತುಂಬಿದ, ಎತ್ತರಕ್ಕೆ ಅಂಜದ ಹುಡುಗರಿದ್ದರೆ ದಯವಿಟ್ಟು ಕಳುಹಿಸಿಕೊಡಿ.

ಇಂತಿ ನಿಮ್ಮ,
ಛಾವಣಿ ಕೆಲಸಗಾರರ ಬಳಗ, ಕಲಬುರಗಿ