ಸಾಕ್ಷಿ ಕಟಕಟೆ ಹತ್ತುವ ಮುಂಚೆ

ಜೂನಿಯರ್ ಗೆಳೆಯರೇ, ಈ ವಾರ ಸಾಕ್ಷಿ ವಿಚಾರಣೆ ಇರುವವರು ದಯವಿಟ್ಟು ಓದಿಕೊಳ್ಳಿ.

ನಮ್ಮ ಕ್ರಿಮಿನಲ್ ಕೇಸುಗಳಲ್ಲಿ ಈಗ ಜ್ಯೂರಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ಜನರ ಮಂಡಳಿ, ಇಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಅದಕ್ಕೆ ಜಾಗ ಇರಲಿಲ್ಲ. ಸಾಕ್ಷಿಯ ಮಾತು ತೂಗುವವರು ನ್ಯಾಯಾಧೀಶರು. ಹಾಗಾಗಿ ಸಾಕ್ಷಿ ನಿಮ್ಮ ಮುಖ ನೋಡಿ ಅಲ್ಲ, ಪೀಠದ ಕಡೆ ತಿರುಗಿ ಉತ್ತರ ಹೇಳಲಿ. ನಿಧಾನವಾಗಿ. ಟೈಪಿಸ್ಟ್ ಕೈ ನಿಂತ ಮೇಲೆ ಮುಂದಿನ ಮಾತು.

ಸಿವಿಲ್ ದಾವೆಯಲ್ಲಿ ಮುಖ್ಯ ವಿಚಾರಣೆ, ಅಂದರೆ ನಮ್ಮ ಸಾಕ್ಷಿ ನಮ್ಮ ಪರ ಮೊದಲು ಹೇಳುವ ಮಾತು, ಅಫಿಡವಿಟ್ (ಪ್ರಮಾಣ ಮಾಡಿ ಸಹಿ ಹಾಕುವ ಲಿಖಿತ ಹೇಳಿಕೆ) ಮೂಲಕ ಆಗುತ್ತದೆ, ಅಲ್ವಾ? ಅದನ್ನು ಇಂಗ್ಲಿಷಿನಲ್ಲಿ ಬರೆದು ಸುಮ್ನೆ ಸಹಿ ಹಾಕಿಸಬೇಡಿ. ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿ. ಒಮ್ಮೆ ನಮ್ಮ ಕಡೆಯ ಅಜ್ಜಿಯೊಬ್ಬರು ಎದುರು ವಕೀಲರ ಪಾಟೀಸವಾಲಿನಲ್ಲಿ, "ಇದ್ರಲ್ಲಿ ಏನು ಬರ್ದದೆ ಅಂತ ನಂಗೊತ್ತಿಲ್ಲ ಸ್ವಾಮಿ" ಅಂದುಬಿಟ್ಟರು. ಜಮೀನಿನ ನಾಲ್ಕೂ ದಿಕ್ಕಿನ ಚಕ್ಕುಬಂದಿ ಅವರಿಗೆ ಬಾಯಿಪಾಠ. ನಾವು ಅವರನ್ನು ಕೂರಿಸಿ ಕೇಳಿಯೇ ಇರಲಿಲ್ಲ.

ಆದರೆ ಉತ್ತರ ಹೇಳಿಕೊಡಬೇಡಿ, ಅದು ತಪ್ಪು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬಹುದು, ಪ್ರಶ್ನೆ ಅರ್ಥವಾಗದಿದ್ದರೆ ಮತ್ತೆ ಕೇಳಬಹುದು ಅಂತ ಧೈರ್ಯ ತುಂಬಿ. ಕ್ರಯಪತ್ರ ಕೈಗೆ ಕೊಟ್ಟು ಸಹಿ ಗುರುತಿಸಲು ಹೇಳಿ. ಆಗುವುದಾದರೆ ಹಿಂದಿನ ದಿನ ಸಂಜೆ ಕೋರ್ಟ್ ಹಾಲ್ ತೋರಿಸಿ ಬನ್ನಿ.