ಬದುವಿನ ಬೆಣಚುಕಲ್ಲೂ ಬೆಂಡಿಗೋದ ಚಿನ್ನವೂ

ಬೆಂಡಿಗೋ, ಆಸ್ಟ್ರೇಲಿಯಾ

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಚಿನ್ನವಿದೆಯೇ ಎಂದು ಕೇಳಿ ನೀವು ಕಳಿಸಿದ ಬದುವಿನ ಬೆಣಚುಕಲ್ಲಿನ ಫೋಟೋ ನೋಡಿದೆ. ಒಂದು ಗೆರೆಯೂ ಇಲ್ಲದ ಹಾಲುಬಿಳುಪು. ಅಂಥದ್ದರಲ್ಲಿ ಚಿನ್ನ ಅಪರೂಪ.

ಚಿನ್ನದ ಗಣಿಗಳ ಊರಾದ ಈ ಬೆಂಡಿಗೋದ ನೆಲ ಮರಳುಗಲ್ಲು, ಕರಿ ಸ್ಲೇಟುಗಳ ಪದರ. ಸುಮಾರು 44 ಕೋಟಿ ವರ್ಷಗಳ ಹಿಂದೆ ಒತ್ತಡಕ್ಕೆ ಸಿಕ್ಕಿ ಮಡಿಕೆಬಿದ್ದದ್ದು. ಹಳೇ ಪಂಚಾಂಗದ ಎರಡೂ ಅಂಚು ಹಿಡಿದು ನಡು ಮೇಲೇಳುವಂತೆ ಒತ್ತಿ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರಿ ನೆತ್ತಿಯಲ್ಲಿ ಸಂದು ಬಿಡುತ್ತವೆ. ಬಂಡೆಯಲ್ಲಿ ಆ ಸಂದಿಗೆ ಬೆಣಚು ತುಂಬಿ, ಕುದುರೆಗೆ ಜೀನು ಹಾಕಿದಂತೆ ಕೂತಿದೆ. ಹೆಸರೂ ಅದೇ, ಸ್ಯಾಡಲ್ ರೀಫ್: ಸ್ಯಾಡಲ್ ಎಂದರೆ ಜೀನು, ರೀಫ್ ಎಂದರೆ ಚಿನ್ನವಿರುವ ಬೆಣಚಿನ ಪಟ್ಟೆ. ಒಂದರ ಕೆಳಗೊಂದು ಜೀನು ಸಿಗುತ್ತಿದ್ದುದರಿಂದ ಹಳೇ ಗಣಿಗಾರರು ನೆತ್ತಿಯ ಗೆರೆ ಹಿಡಿದೇ ಶಾಫ್ಟ್, ಅಂದರೆ ಗಣಿಬಾವಿ, ಇಳಿಸಿದರು. ಒಂದಂತೂ 1,400 ಮೀಟರ್ ಮುಟ್ಟಿದೆ.

ಬರೀ ಸಂದಿದ್ದರೆ ಸಾಲದು. ಸುಮಾರು 300 ಡಿಗ್ರಿಯ ಬಿಸಿನೀರು ಗಂಧಕದ ಜೊತೆ ಚಿನ್ನವನ್ನೂ ಕರಗಿಸಿಕೊಂಡು ಆಳದಿಂದ ಏರುತ್ತದೆ. ದಾರಿ ಕಟ್ಟಿದರೆ ಒತ್ತಡ ಹೆಚ್ಚಿ ಬಂಡೆ ಬಿರಿಯುತ್ತದೆ. ಬಿರಿದೊಡನೆ ಒತ್ತಡ ಇಳಿದು ಬೆಣಚು ಕಟ್ಟಿ ಬಿರುಕು ಮುಚ್ಚುತ್ತದೆ. ಮತ್ತೆ ಒತ್ತಡ, ಮತ್ತೆ ಬಿರುಕು. ಪ್ರತಿ ಸಲ ಗೋಡೆಯ ಸ್ಲೇಟಿನ ಸೀಳೊಂದು ಒಳಗೆ ಸಿಕ್ಕಿಕೊಂಡು ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆಯಾಗುತ್ತದೆ. ಗಂಧಕ ಬಂಡೆಯ ಕಬ್ಬಿಣದೊಡನೆ ಸೇರಿ ಪೈರೈಟ್ ಆದರೆ, ಹಿಡಿದಿಟ್ಟುಕೊಳ್ಳುವವರಿಲ್ಲದೆ ಚಿನ್ನ ಅಲ್ಲೇ ಉದುರುತ್ತದೆ. ಹಾಗಾಗಿ ಹುಡುಕಬೇಕಾದ್ದು ಬಿಳುಪನ್ನಲ್ಲ, ಗೆರೆಯನ್ನು.

ನಮ್ಮ ಕೋಲಾರದ ಚಾಂಪಿಯನ್ ಲೋಡ್ ಎಂಬ ಚಿನ್ನದ ಪಟ್ಟೆ ಕೂಡ ಬೆಣಚಿನದ್ದೇ, ಆದರೆ ಅಲ್ಲಿ ಸುತ್ತಲಿನದು ಆಂಫಿಬೊಲೈಟ್ ಎಂಬ ಕರಿಯ ಬಂಡೆ. ಜೀನಿನಂತಲ್ಲ, ಕಡಿದಾಗಿ ನಿಂತ ಹಲಗೆಯಂತೆ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿದೆ.

ಬೆಂಡಿಗೋದ ದೊಡ್ಡ ತಲೆನೋವೆಂದರೆ ಚಿನ್ನದ ಕಾಳು ದಪ್ಪ, ಹರಡಿಕೆ ವಿರಳ. ಪರೀಕ್ಷೆಗೆಂದು ಕೊರೆದು ತೆಗೆದ ಕಲ್ಲಿನ ಕೋಲಿನಲ್ಲಿ, ಅಂದರೆ ಕೋರ್‌ನಲ್ಲಿ, ಏನೂ ಕಾಣದಿರಬಹುದು, ಅಂಗೈಯಗಲ ಪಕ್ಕದಲ್ಲೇ ಕಾಳು ಇರಬಹುದು. ಅದೃಷ್ಟಕ್ಕೆ ಒಂದು ಕಾಳು ಕೋರ್‌ಗೆ ಬಿದ್ದರೆ ಇಡೀ ರೀಫ್ ಶ್ರೀಮಂತವೆಂದು ಲೆಕ್ಕ ತಪ್ಪುತ್ತದೆ. ಟನ್‌ಗಟ್ಟಲೆ ಕಲ್ಲು ಅರೆದು ನೋಡದೆ ಯಾವ ಅಂಕಿಯನ್ನೂ ನಂಬುವಂತಿಲ್ಲ.

ನಮ್ಮ ಬದುವಿನಲ್ಲಿ ನೋಡಲೇಬೇಕೆಂದರೆ ತುಕ್ಕು ಹಿಡಿದ ತೂತುಗಳಿರುವ ತುಂಡು ಆರಿಸಿ. ಪೈರೈಟ್ ಕರಗಿಹೋದ ಜಾಗ ಅದು. ಕಬ್ಬಿಣದ ಒರಳಲ್ಲಿ, ಒದ್ದೆ ಮಾಡಿಕೊಂಡೇ ಕುಟ್ಟಿ. ಒಣಪುಡಿ ಶ್ವಾಸಕೋಶ ತಿನ್ನುತ್ತದೆ, ಗಣಿಯವರ ಕೆಮ್ಮು ನೀವೇ ಕೇಳಿದ್ದೀರಿ. ಅಕ್ಕಿಯ ಕಲ್ಲು ತೆಗೆಯಲು ಜಾಲಿಸುವ ಹಾಗೆ ತೊಳೆದರೆ ಭಾರದ್ದು ತಳದಲ್ಲಿ ನಿಲ್ಲುತ್ತದೆ. ಹಳದಿ ಚೂರನ್ನು ಸೂಜಿಯಿಂದ ಒತ್ತಿ: ಪುಡಿಯಾದರೆ ಪೈರೈಟ್, ಚಪ್ಪಟೆಯಾದರೆ ಚಿನ್ನ. ಒಲೆಯಲ್ಲಿ ಮಾತ್ರ ಸುಡಬೇಡಿ. ಅದಿರಿನಲ್ಲಿ ಆರ್ಸೆನಿಕ್ ಇದ್ದರೆ ಹೊಗೆಯೇ ವಿಷ.

ಅಮ್ಮನಿಗೆ ನಮಸ್ಕಾರ ತಿಳಿಸಿ. ಕಪ್ಪು ಗೆರೆಯ ತುಂಡು ಕಂಡರೆ ಒಡೆದ ಮಗ್ಗುಲಿನ ಫೋಟೋ ಕಳಿಸಿ.

ನಿಮ್ಮ ಮಗ