ಅಂಜೂರ ತಂದ ದಿನವೇ ಕತ್ತರಿ ಬೇಡ

ಮಾನ್ಯ ಸಂಪಾದಕರೇ,

ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನಡೆಯುವ ಹೊತ್ತಿಗೆ ಬೆಂಗಳೂರಿನ ಎಷ್ಟೋ ತಾರಸಿಗಳಿಗೆ ಹೊಸ ಗಿಡಗಳು ಏರುತ್ತವೆ, ಅಂಜೂರವೂ ಅದರಲ್ಲೊಂದು. ಸೊಂಟದೆತ್ತರದ ಒಂಟಿ ಕಡ್ಡಿ, ತುದಿಯಲ್ಲಿ ನಾಲ್ಕೈದು ಎಲೆ. ಕವಲೊಡೆಸಬೇಕೆಂಬ ಆಸೆಗೆ ಅಂದೇ ಅದರ ತಲೆ ಕತ್ತರಿಸುವವರು ಬಹಳ. ಮೊಬೈಲ್‌ನಲ್ಲಿ ಸಿಗುವ ವಿಡಿಯೊಗಳು ಹಾಗೇ ಹೇಳುತ್ತವೆ ನಿಜ, ಆದರೆ ಅವುಗಳಲ್ಲಿ ಹೆಚ್ಚಿನವು ಹಿಮ ಬೀಳುವ ನಾಡಿನವು. ಅಲ್ಲಿ ಚಳಿಗಾಲಕ್ಕೆ ಎಲೆಯೆಲ್ಲ ಉದುರಿ ಮಲಗಿರುವ ಗಿಡವನ್ನು ಸವರುತ್ತಾರೆ. ನಮ್ಮಲ್ಲಿ ಮಳೆಗಾಲದ ಅಂಜೂರ ಮಲಗಿರುವುದಿಲ್ಲ. ಕತ್ತರಿಸಿದ ಬಾಯಿ ಒದ್ದೆಯಲ್ಲಿ ಕೊಳೆಯುತ್ತದೆ, ಬಂದ ಎಳೆ ಚಿಗುರಿಗೆ ತುಕ್ಕುರೋಗ ಹತ್ತುತ್ತದೆ.

ಗಿಡಕ್ಕೆ ಹೊಸ ಜಾಗದಲ್ಲಿ ಮೊದಲು ಬೇರು ಊರಬೇಕು, ಅದಕ್ಕೆ ಆಹಾರ ಮಾಡುವುದು ಇರುವ ಆ ನಾಲ್ಕೆಲೆಯೇ. ಕನಿಷ್ಠ ಐದಾರು ವಾರ ಸುಮ್ಮನಿರಿ. ಈ ನಡುವೆ ಕೆಲವು ಎಲೆ ಹಳದಿಯಾಗಿ ಬಿದ್ದರೆ ಗಾಬರಿ ಬೇಡ. ಕಾಂಡದ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಗಿಡ ಬದುಕಿದೆ. ಕವರಿನ ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಬಿಡಿಸಿ, 14 ಇಂಚಿನ ಕುಂಡಕ್ಕೆ ಬದಲಿಸಿ. ಕೆಂಪು ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ, ಮರಳು ಸಮಪಾಲು ಸಾಕು. ತಳದ ತೂತಿನಿಂದ ನೀರು ಸರಾಗವಾಗಿ ಇಳಿಯುವುದು ಗೊಬ್ಬರಕ್ಕಿಂತ ಮುಖ್ಯ. ಪುಟ್ಟ ಗಿಡದಲ್ಲಿ ಕಾಯಿ ತೋರಿಸಿ ಮಾರುತ್ತಾರಲ್ಲ, ಆ ಕಾಯಿಗಳನ್ನು ಮನಸ್ಸು ಗಟ್ಟಿ ಮಾಡಿ ಕಿತ್ತುಬಿಡಿ.

ಸವರುವ ಕಾಲ ಪ್ರದೇಶದ ಮಳೆಯ ಮೇಲೆ ನಿಂತಿದೆ. ಪುಣೆ ಕಡೆಯ ಬೆಳೆಗಾರರು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಚಾಟನಿ (ಸವರುವಿಕೆ) ಮಾಡಿ ಬೇಸಿಗೆಯಲ್ಲಿ ಸಿಹಿ ಹಣ್ಣು ಕೊಯ್ಯುತ್ತಾರೆ. ಅದನ್ನೇ ಅವರು ಮೀಠಾ ಬಹಾರ್ ಎನ್ನುವುದು. ಮಳೆಗಾಲದ ಹಣ್ಣು ಸಪ್ಪೆ, ಅದರ ಹೆಸರೇ ಖಟ್ಟಾ ಬಹಾರ್, ಅಂದರೆ ಹುಳಿ ಫಸಲು. ವಿಜಯಪುರ, ಬಾಗಲಕೋಟೆಯವರು ಅಕ್ಟೋಬರ್ ಕೊನೆಗೆ ಕತ್ತರಿ ಹಿಡಿಯಬಹುದು. ಹಿಂಗಾರು ಸುರಿಯುವ ಬೆಂಗಳೂರು, ಮೈಸೂರಿನವರು ಡಿಸೆಂಬರ್ ಕೊನೆಯವರೆಗೆ ಕಾಯುವುದೇ ಲೇಸು.

ಇನ್ನು ಕತ್ತರಿಸುವ ಬಗೆ. ಒಂಟಿ ಕಡ್ಡಿಯಾದರೆ ಮಣ್ಣಿನಿಂದ 45ರಿಂದ 60 ಸೆಂ.ಮೀ. ಎತ್ತರದಲ್ಲಿ, ಒಂದು ಗೆಣ್ಣಿನ ಮೇಲೆ ಅರ್ಧ ಸೆಂ.ಮೀ. ಬಿಟ್ಟು, ಚಿಗುರಿನ ಕಣ್ಣಿನ ಎದುರು ಬದಿಗೆ ಇಳಿಯುವಂತೆ ಓರೆಯಾಗಿ ಕತ್ತರಿಸಿ. ಎರಡು ಗೆಣ್ಣುಗಳ ನಡುವೆ ಎಲ್ಲೋ ಒಂದೆಡೆ ಕತ್ತರಿಸುವುದೇ ಹೊಸಬರು ಮಾಡುವ ದೊಡ್ಡ ತಪ್ಪು. ಅಂಜೂರದ ಎಳೆ ಕಾಂಡದೊಳಗೆ ಬೆಂಡು ಇರುತ್ತದೆ, ಗೆಣ್ಣಿನಲ್ಲಿ ಮಾತ್ರ ಗಟ್ಟಿ. ಗೆಣ್ಣಿನ ಮೇಲೆ ಉದ್ದ ಮೋಟು ಉಳಿದರೆ ಅದು ಒಣಗುತ್ತ, ಕೆಲವೊಮ್ಮೆ ಗೆಣ್ಣನ್ನೂ ದಾಟಿ ಕೆಳಗಿಳಿಯುತ್ತದೆ. ಅಲಗು ಹರಿತವಿಲ್ಲದ ಸಿಕೇಟರ್ (ಗಿಡ ಸವರುವ ಕತ್ತರಿ) ಮೆತ್ತನೆಯ ಕಾಂಡವನ್ನು ಜಜ್ಜುತ್ತದೆ. ಕತ್ತರಿಸುವ ಮುನ್ನ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ.

ಸುರಿಯುವ ಬಿಳಿ ಸೊನೆಯನ್ನು ಹಗುರವಾಗಿ ಕಾಣಬೇಡಿ. ಸೊನೆ ಮೆತ್ತಿದ ಚರ್ಮಕ್ಕೆ ಬಿಸಿಲು ತಾಗಿದರೆ ಬೊಬ್ಬೆ ಏಳುತ್ತದೆ, ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ. ಕೈಗವಸು, ತುಂಬುತೋಳಿನ ಅಂಗಿ ಹಾಕಿ, ಸಂಜೆ ಹೊತ್ತು ಕೆಲಸ ಮಾಡಿ. ಕೈ ಸೋಪಿನಲ್ಲಿ ತೊಳೆಯುವವರೆಗೆ ಕಣ್ಣು ಮುಟ್ಟಬೇಡಿ. ಹೆಬ್ಬೆರಳು ಗಾತ್ರದ ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ನೀರಲ್ಲಿ ಕಲಸಿ ಬಳಿದರಾಯಿತು. ಪೆನ್ಸಿಲ್ ಗಾತ್ರದ್ದಕ್ಕೆ ಏನೂ ಬೇಕಿಲ್ಲ.

ಎಲೆ ಕಡಿಮೆಯಾದ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ. ಮೇಲ್ಮಣ್ಣು ಒಂದು ಇಂಚು ಒಣಗಿದ ಮೇಲಷ್ಟೇ ನೀರು ಕೊಡಿ. ಚಿಗುರು ಕಾಣುವವರೆಗೆ ಯೂರಿಯಾ, ಹಿಂಡಿ ಯಾವುದೂ ಬೇಡ. ಬಂದ ಚಿಗುರುಗಳಲ್ಲಿ ಬೇರೆ ಬೇರೆ ದಿಕ್ಕಿಗೆ, ಒಂದರಿಂದೊಂದು ನಾಲ್ಕು ಬೆರಳು ಅಂತರದಲ್ಲಿರುವ ಮೂರು ನಾಲ್ಕನ್ನು ಉಳಿಸಿ, ಉಳಿದವನ್ನು ಎಳೆಯದರಲ್ಲೇ ಕೈಯಲ್ಲಿ ಮುರಿಯಿರಿ. ಅಂಜೂರ ಮುಖ್ಯವಾಗಿ ಹೊಸ ಚಿಗುರಿನ ಎಲೆಕಂಕುಳಲ್ಲಿ ಕಾಯಿ ಹಿಡಿಯುತ್ತದೆ. ಅಲ್ಲಿ ದುಂಡಗಿರುವುದು ಕಾಯಿ, ಚೂಪಾಗಿರುವುದು ಚಿಗುರಿನ ಕಣ್ಣು. ಮುಂದಿನ ವರ್ಷ ಈ ರೆಂಬೆಗಳನ್ನು ಮೂರು ನಾಲ್ಕು ಗೆಣ್ಣು ಉಳಿಸಿ ಸವರಬೇಕು. ಅಂಗಡಿಯಿಂದಲೇ ಕವಲೊಡೆದು ಬಂದ ಗಿಡವಾದರೆ ಮೊದಲ ವರ್ಷ ಒಣಗಿದ್ದು, ಒಂದನ್ನೊಂದು ಉಜ್ಜುವುದು, ಒಳಮುಖವಾಗಿ ಬೆಳೆದದ್ದು ಇಷ್ಟನ್ನೇ ತೆಗೆಯಿರಿ. ಒಟ್ಟು ಮೂರನೇ ಒಂದು ಭಾಗ ಮೀರಬಾರದು.

ಗಿಡ ಮಾರುವವರಲ್ಲಿ ಒಂದು ಕೋರಿಕೆಯಿದೆ. ತಳಿ ಪೂನಾ ಅಂಜೂರವೋ ಡಯಾನಾವೋ, ಕಡ್ಡಿಯಿಂದ ಬೆಳೆಸಿದ್ದೋ ಕಸಿಯೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಟ್ಟಿದರೆ ಕೊಂಡವರಿಗೆ ದೊಡ್ಡ ಉಪಕಾರ. ಅತ್ತಿಯ ಬೇರಿಗೆ ಕಸಿ ಕಟ್ಟಿದ ಗಿಡವಾದರೆ ಕಸಿಯ ಗಂಟಿನ ಕೆಳಗೆ ಬರುವ ಚಿಗುರು ಅತ್ತಿಯದು, ಅದನ್ನು ಕಂಡ ಕೂಡಲೇ ಕೀಳಬೇಕು. ಅಂಜೂರದ ಎಲೆ ಸೀಳಿಕೊಂಡ ಹಸ್ತದ ಹಾಗೆ, ಒರಟು. ಅತ್ತಿ ಎಲೆಗೆ ಸೀಳಿಲ್ಲ. ಗೊತ್ತಿಲ್ಲದವರು ಹುಲುಸಾಗಿ ಬಂತೆಂದು ಅತ್ತಿಯನ್ನೇ ಸಾಕಿಕೊಳ್ಳುತ್ತಾರೆ.

ಸವರಿದ ಕಡ್ಡಿ ಎಸೆಯಬೇಡಿ. ಪೆನ್ಸಿಲ್ ದಪ್ಪದ, ನಾಲ್ಕೈದು ಗೆಣ್ಣಿರುವ ಒಂದು ಗೇಣು ತುಂಡನ್ನು ಎಲೆ ತೆಗೆದು, ಮೂರರಲ್ಲಿ ಎರಡು ಪಾಲು ಒದ್ದೆ ಮರಳಿನಲ್ಲಿ ಹೂತು ನೆರಳಲ್ಲಿಟ್ಟರೆ ಒಂದೆರಡು ತಿಂಗಳಲ್ಲಿ ಬೇರು ಬರುತ್ತದೆ. ಬುಡ ಯಾವುದು, ತುದಿ ಯಾವುದೆಂದು ಆಮೇಲೆ ಗೊಂದಲವಾಗದಂತೆ ಬುಡವನ್ನು ನೇರಕ್ಕೂ ತುದಿಯನ್ನು ಓರೆಗೂ ಕತ್ತರಿಸಿಕೊಳ್ಳಿ.

— ಕೆಲವು ತಾರಸಿ ತೋಟಗಾರರು, ಬೆಂಗಳೂರು